ದನಿ ಕಳೆದುಕೊಂಡ ಗುರು: ಮ್ಯಾನ್ಯುಯೆಲ್ ಗಾರ್ಸಿಯಾ

ಸಂಘದ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಯಾರಾದರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸಮೂಹಗಾನದ ಅಭ್ಯಾಸ ಶುರುವಾಗುತ್ತದೆ. ಹಾರ್ಮೋನಿಯಂ ಹಿಡಿದವರಿಗೆ ಅನುಕೂಲವಾದ ಶ್ರುತಿಯೇ ಎಲ್ಲರ ಶ್ರುತಿ. ಪಲ್ಲವಿ ಸುಖವಾಗಿ ಸಾಗುತ್ತದೆ. ಚರಣದಲ್ಲಿ ತಾರಷಡ್ಜ ಬಂದೊಡನೆ ನಮ್ಮ ಗಂಡಸರ ಕುತ್ತಿಗೆಯ ನರಗಳು ಉಬ್ಬುತ್ತವೆ, ಗದ್ದ ಮೇಲೇರುತ್ತದೆ, ದನಿಯೊಂದು ಮಾತ್ರ ಏರುವುದಿಲ್ಲ. ಸೋಮವಾರ ಬೆಳಿಗ್ಗೆ ಗಂಟಲು ಕಟ್ಟಿದೆ ಎಂದು ಇಬ್ಬರು ಮೂವರಾದರೂ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಮಾತ್ರೆಯ ಬದಲು ನಾನು ಒಬ್ಬ ಮನುಷ್ಯನ ಕಥೆ ಹೇಳುವುದುಂಟು. (ಮೂರು ವಾರ ದಾಟಿದ ಗಂಟಲು ಕಟ್ಟಿಗೆ ಕಥೆ ಸಾಲದು, ಅವರನ್ನು ತಜ್ಞರಲ್ಲಿಗೆ ಕಳಿಸುತ್ತೇನೆ.)

ಮ್ಯಾನ್ಯುಯೆಲ್ ಗಾರ್ಸಿಯಾ ಸ್ಪೇನಿನಲ್ಲಿ 1805ರ ಮಾರ್ಚ್ 17ರಂದು ಹುಟ್ಟಿದ. ಮನೆಯೇ ಒಂದು ಸಂಗೀತ ಶಾಲೆ. ಅದೇ ಹೆಸರಿನ ತಂದೆ ಯೂರೋಪಿನ ಹೆಸರಾಂತ ಗಾಯಕ; ರೊಸ್ಸೀನಿಯ ‘ಬಾರ್ಬರ್ ಆಫ್ ಸೆವಿಲ್’ ಆಪೆರಾ 1816ರಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ನಾಯಕನ ಪಾತ್ರ ಹಾಡಿದವನು ಆತನೇ. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪಾಲಿನ್ ವಿಯಾರ್ದೋ ಮುಂದೆ ಜಗತ್ಪ್ರಸಿದ್ಧರಾದರು. ಇಂಥ ಮನೆಯ ಮಗ ಹಾಡದಿರಲು ಸಾಧ್ಯವೇ?

ನಾವೀಗ ನೆಲೆಸಿರುವ ಈ ಅಮೆರಿಕಕ್ಕೆ ಇಟಾಲಿಯನ್ ಆಪೆರಾವನ್ನು ತಂದದ್ದು ಈ ಕುಟುಂಬ. 1825ರ ನವೆಂಬರ್ 29ರಂದು ನ್ಯೂಯಾರ್ಕಿನ ಪಾರ್ಕ್ ಥಿಯೇಟರಿನಲ್ಲಿ ಅದೇ ‘ಬಾರ್ಬರ್’ ನಡೆಯಿತು. ತಂದೆ, ತಾಯಿ, ಮಗಳು, ಮಗ ನಾಲ್ವರೂ ಬಣ್ಣ ಹಚ್ಚಿದ್ದರು. ಇಪ್ಪತ್ತರ ಮ್ಯಾನ್ಯುಯೆಲ್ ಫಿಗರೋ ಪಾತ್ರದಲ್ಲಿದ್ದ. ನಮ್ಮ ಕಂಪನಿ ನಾಟಕಗಳ ಕಾಲದಂತೆ ಅಲ್ಲಿಯೂ ವಿಶ್ರಾಂತಿಯೆಂಬುದಿಲ್ಲ. ಎಳೆಯ ಕಂಠಕ್ಕೆ ಅತಿಯಾದ ದುಡಿಮೆ ಬಿತ್ತು. ಯೂರೋಪಿಗೆ ಮರಳಿದ ಮೇಲೆ ಇಟಲಿಯಲ್ಲಿ ರಂಗವೇರಿ ನೋಡಿದ, ಗೆಲ್ಲಲಿಲ್ಲ. ಇಪ್ಪತ್ತೈದು ತುಂಬುವ ಹೊತ್ತಿಗೆ ಗಾಯಕನಾಗಿ ಆತನ ಬದುಕು ಮುಗಿದಿತ್ತು.

ದನಿ ಹೋದವನು ವಿಧಿಯನ್ನು ಹಳಿಯುತ್ತ ಕೂರಬಹುದಿತ್ತು. ಈತ ದನಿ ಏಕೆ ಹೋಯಿತೆಂದು ಹುಡುಕಲು ಹೊರಟ. 1830ರಲ್ಲಿ ಫ್ರೆಂಚ್ ಸೇನೆಯೊಂದಿಗೆ ಅಲ್ಜಿಯರ್ಸ್‌ಗೆ ಹೋಗಿ ಬಂದು, ಸೇನಾ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿ, ಧ್ವನಿಪೆಟ್ಟಿಗೆಯ ಅಂಗರಚನೆಯನ್ನು ಅಭ್ಯಾಸ ಮಾಡಿದ. ಕೋಳಿ, ಕುರಿ, ಹಸುಗಳ ಗಂಟಲುಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದನಂತೆ. ಅವಕ್ಕೆ ತಿದಿಯಿಂದ ಗಾಳಿಯೂದಿದರೆ ಒಂದು ಕೊಕ್ಕೊಕ್ಕೊ, ಇನ್ನೊಂದು ಬ್ಯಾ ಎನ್ನುತ್ತಿತ್ತೆಂದು ತಂಗಿ ಪಾಲಿನ್ ಮುದುಕಿಯಾದ ಮೇಲೂ ನೆನೆದು ನಗುತ್ತಿದ್ದಳು.

ಆತ ಕಂಡುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ವೀಣೆಯ ತಂತಿಯನ್ನು ಬಿಗಿದರೆ ಶ್ರುತಿ ಏರುತ್ತದೆ. ಜೋರಾಗಿ ಮೀಟಿದರೆ ಏರುವುದು ಸದ್ದು. ನಮ್ಮ ಧ್ವನಿತಂತುಗಳೂ ಹಾಗೆಯೇ. ಒಂದು ಸ್ಥಾಯಿ ಮೇಲೇರಿದರೆ ಸೆಕೆಂಡಿಗೆ ಆಗುವ ಕಂಪನ ಇಮ್ಮಡಿಯಾಗಬೇಕು. ಅದಕ್ಕೆ ತಂತುಗಳು ಉದ್ದಕ್ಕೆ ಎಳೆಯಲ್ಪಟ್ಟು ತೆಳ್ಳಗಾಗಬೇಕು. ಮಂದ್ರದಲ್ಲಿ ಅವು ದಪ್ಪಗೆ, ಇಡಿಯಾಗಿ ಅದುರುತ್ತವೆ. ಇದು ಎದೆಯ ದನಿ. ಮೇಲೆ ಹೋದಂತೆ ಅಂಚುಗಳಷ್ಟೇ ಅದುರುತ್ತವೆ. ನಾವು ಕಳ್ಳದನಿ ಎಂದು ಹಾಸ್ಯ ಮಾಡುವುದು ಇದನ್ನೇ. ಎದೆಯ ದನಿಯ ದಪ್ಪವನ್ನು ಬಿಡದೆ ಮೇಲಕ್ಕೆ ಹೊತ್ತೊಯ್ಯಲು ಹೋದರೆ ಉಸಿರಿನ ಒತ್ತಡ ಹೆಚ್ಚುತ್ತದೆ, ಕತ್ತಿನ ಸ್ನಾಯುಗಳು ಅಡ್ಡ ಬರುತ್ತವೆ, ತಂತುಗಳು ಒಂದಕ್ಕೊಂದು ಬಡಿದುಕೊಂಡು ಊದಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಅಲ್ಲಿ ಗಂಟುಗಳೇ ಏಳುತ್ತವೆ.

ಗಾರ್ಸಿಯಾನ ಪಾಠವೆಲ್ಲ ಈ ಎರಡು ದನಿಗಳ ನಡುವಿನ ಹೊಲಿಗೆಯ ಮೇಲೆ. ಎರಡೂ ಬಗೆಯಲ್ಲಿ ಹಾಡಬಹುದಾದ ನಡುವಿನ ಸ್ವರಗಳನ್ನು ಆರಿಸಿ, ಒಂದೇ ಸ್ವರದಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ದಾಟಿಸುತ್ತಿದ್ದ. ಮೊದಮೊದಲು ದನಿ ಒಡೆಯುತ್ತದೆ, ಅದಕ್ಕೆ ನಾಚಬಾರದು. ಮೇಲಕ್ಕೆ ಹೋದಂತೆ ಅಕಾರವನ್ನು ಓಕಾರದ ಕಡೆಗೆ ತುಸು ದುಂಡಗೆ ಮಾಡಿಸುತ್ತಿದ್ದ. ನಮ್ಮವರು ಬಾಯಿ ಅಗಲಿಸಿ ಅಕಾರವನ್ನು ಎಸೆಯುವುದಕ್ಕೆ ಇದು ತದ್ವಿರುದ್ಧ. ಸ್ವರವನ್ನು ತಂತುಗಳ ಚೊಕ್ಕವಾದ ಮುಚ್ಚುವಿಕೆಯಿಂದ ಎತ್ತಿಕೊಳ್ಳಬೇಕೆಂಬ ಆತನ ಇನ್ನೊಂದು ಸೂತ್ರವನ್ನು ಕೆಲವರು ಗಂಟಲನ್ನು ಕುಕ್ಕುವುದೆಂದು ತಪ್ಪಾಗಿ ತಿಳಿದು ಶಿಷ್ಯರ ಕಂಠ ಕೆಡಿಸಿದರು. ಆ ಅಪವಾದ ಆತನನ್ನು ಕೊನೆಯವರೆಗೂ ಕಾಡಿತು.

1841ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಆತನ ಮನೆಗೆ ಸ್ವೀಡನ್ನಿನಿಂದ ಒಬ್ಬ ಹುಡುಗಿ ಬಂದಳು. ಹೆಸರು ಜೆನ್ನಿ ಲಿಂಡ್, ವಯಸ್ಸಿನ್ನೂ ಇಪ್ಪತ್ತು. ತನ್ನ ದೇಶದಲ್ಲಿ ಆಗಲೇ ದೊಡ್ಡ ಗಾಯಕಿ. ಆದರೆ ಮೇಲಿಂದ ಮೇಲೆ ಭಾರಿ ಪಾತ್ರಗಳನ್ನು ಹಾಡಿ ಕಂಠ ಸವೆದಿತ್ತು. ಪರೀಕ್ಷೆಗೆಂದು ಹಾಡಿದಾಗ ದನಿ ಒಡೆಯಿತು. ಉಳಿದ ದನಿ ಏನೂ ಇಲ್ಲವೆಂದು ಗಾರ್ಸಿಯಾ ಮುಚ್ಚುಮರೆಯಿಲ್ಲದೆ ತಿಳಿಸಿದ. ಆಕೆ ಅತ್ತಳು. ಆತ ಕೊಟ್ಟ ಚಿಕಿತ್ಸೆ ಆರು ವಾರಗಳ ಮೌನ: ಹಾಡುವಂತಿಲ್ಲ, ಮಾತೂ ಆದಷ್ಟು ಕಡಿಮೆ. ಆರು ವಾರ ಕಳೆದು ಬಂದಾಗ ದನಿ ಚಿಗುರಿತ್ತು. ಆಮೇಲೆ ಸುಮಾರು ಹತ್ತು ತಿಂಗಳು, ಉಸಿರು ತೆಗೆದುಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಆಕೆ ಹೊಸದಾಗಿ ಕಲಿತಳು. 1850ರಲ್ಲಿ ಆಕೆ ನ್ಯೂಯಾರ್ಕಿಗೆ ಬಂದಿಳಿದಾಗ ಬಂದರಿನಲ್ಲಿ ಜನಸಾಗರವೇ ಸೇರಿತ್ತು. ಇಪ್ಪತ್ತರಲ್ಲಿ ತನಗೆ ಯಾರೂ ಹೇಳದಿದ್ದ ಮಾತನ್ನು ಗಾರ್ಸಿಯಾ ಇನ್ನೊಬ್ಬ ಇಪ್ಪತ್ತರವಳಿಗೆ ಹೇಳಿದನೆಂದು ನನಗನ್ನಿಸುತ್ತದೆ.

ಎಲ್ಲ ದನಿಗಳೂ ಹೀಗೆ ಮರಳುವುದಿಲ್ಲ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರದು ಮೊದಲು ತೆಳ್ಳನೆಯ ಏರುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಂತೆ ಕೆಳಗಿಳಿಯಿತು. ಅವರು ಹಳೆಯದನ್ನು ಬೆನ್ನಟ್ಟದೆ ಇದ್ದ ದನಿಯಲ್ಲೇ ಗಾನಸೌಧ ಕಟ್ಟಿದರು.

1848ರಲ್ಲಿ ಗಾರ್ಸಿಯಾ ಲಂಡನ್ನಿಗೆ ಹೋಗಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪ್ರಾಧ್ಯಾಪಕನಾದ. ಆದರೂ ಒಂದು ಕೊರಗು ಉಳಿದಿತ್ತು. ಸತ್ತ ಗಂಟಲುಗಳನ್ನು ನೋಡಿದ್ದಾಯಿತು; ಹಾಡುತ್ತಿರುವ ಗಂಟಲನ್ನು ನೋಡುವುದು ಹೇಗೆ? 1854ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಪಲೇ ರೊಯಾಲ್ ಬಳಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿನ ಮೇಲೆ ಬಿಸಿಲು ಫಳ್ಳೆಂದಿತು. ತಕ್ಷಣ ಎರಡು ಕನ್ನಡಿಗಳು ಮನಸ್ಸಿಗೆ ಬಂದವು. ನೇರವಾಗಿ ಶಸ್ತ್ರೋಪಕರಣಗಳ ಅಂಗಡಿಗೆ ಹೋಗಿ, ಉದ್ದ ಹಿಡಿಯ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಆರು ಫ್ರಾಂಕಿಗೆ ಕೊಂಡ. ಮನೆಗೆ ಬಂದು ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ತಾಗಿಸಿ ಹಿಡಿದ. ಕೈಗನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿದ. ತನ್ನದೇ ಧ್ವನಿತಂತುಗಳು ತೆರೆದು ಮುಚ್ಚುವುದು ಎದುರಿಗೆ ಕಂಡಿತು.

ಇದೆಷ್ಟು ಕಷ್ಟವೆಂದು ನನಗೆ ಗೊತ್ತು. ಹೌಸ್‌ಸರ್ಜನ್ ಆಗಿದ್ದಾಗ ಸ್ಪಿರಿಟ್ ದೀಪದ ಮೇಲೆ ಕನ್ನಡಿ ಬಿಸಿಮಾಡಿ, ಮುಂಗೈಗೆ ಮುಟ್ಟಿಸಿ ನೋಡಿ, ರೋಗಿಯ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಈ ಎನ್ನಿ ಎನ್ನುವಷ್ಟರಲ್ಲಿ ಆತನಿಗೆ ಓಕರಿಕೆ ಬಂದಿರುತ್ತಿತ್ತು. ಗಾರ್ಸಿಯಾ ಓಕರಿಕೆಯನ್ನು ಗೆದ್ದು, ಕನ್ನಡಿಯನ್ನು ಒಳಗಿಟ್ಟುಕೊಂಡೇ ಸ್ವರ ಹಾಡಿ ನೋಡಿದ! ಎದೆಯ ದನಿಗೆ ತಂತುಗಳು ಪೂರ್ತಿ ಅದುರುವುದು, ಮೇಲಿನ ದನಿಗೆ ಅಂಚುಗಳಷ್ಟೇ ಅದುರುವುದು ಅಲ್ಲಿ ಕಂಡವು. 1855ರಲ್ಲಿ ಈ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು. ಗಂಟಲು ನೋಡುವ ಕನ್ನಡಿಯನ್ನು 1829ರಲ್ಲೇ ಬ್ಯಾಬಿಂಗ್ಟನ್ ಎಂಬ ವೈದ್ಯ ಮಾಡಿದ್ದ. ಅದು ಮೂಲೆ ಸೇರಿತ್ತು. ಗಾರ್ಸಿಯಾನ ವರದಿಯ ನಂತರ ವಿಯೆನ್ನಾದ ತ್ಯುರ್ಕ್, ಆಮೇಲೆ ಚೆರ್ಮಾಕ್ ಕನ್ನಡಿಯನ್ನು ರೋಗಪರೀಕ್ಷೆಗೆ ತಂದರು. ಯಾರು ಮೊದಲೆಂದು ಅವರಿಬ್ಬರೂ ಬಹಳ ಕಾಲ ಜಗಳವಾಡಿದರು. ಗಾರ್ಸಿಯಾ ಅದಕ್ಕೆ ತಲೆಹಾಕದೆ ಪಾಠ ಹೇಳುತ್ತಿದ್ದ. ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯ 1862ರಲ್ಲಿ ಆತನಿಗೆ ಗೌರವ ವೈದ್ಯ ಪದವಿ ಕೊಟ್ಟಿತು. ನಾವು ವರ್ಷಗಟ್ಟಲೆ ನಿದ್ದೆಗೆಟ್ಟು ಪಡೆದದ್ದನ್ನು ಆತ ಆರು ಫ್ರಾಂಕಿನಲ್ಲಿ ಪಡೆದ!

1895ರವರೆಗೂ ಅಕಾಡೆಮಿಯಲ್ಲಿ ಕಲಿಸಿದ. 1905ರ ಮಾರ್ಚ್ 17ರಂದು ನೂರು ತುಂಬಿದಾಗ ಲಂಡನ್ನಿನಲ್ಲಿ ವೈದ್ಯರೂ ಗಾಯಕರೂ ಕೂಡಿ ಸನ್ಮಾನ ಮಾಡಿದರು. ದೊರೆ ಏಳನೆಯ ಎಡ್ವರ್ಡ್ ಪದವಿ ಕೊಟ್ಟ. ಸಾರ್ಜೆಂಟ್ ಎಂಬ ಪ್ರಸಿದ್ಧ ಚಿತ್ರಕಾರ ಬರೆದ ಭಾವಚಿತ್ರವನ್ನು ಅರ್ಪಿಸಲಾಯಿತು. ಮರುವರ್ಷ ಜುಲೈ 1ರಂದು ಲಂಡನ್ನಿನ ತನ್ನ ಮನೆಯಲ್ಲಿ ಆತ ತೀರಿಕೊಂಡ. ಆಗ ವಯಸ್ಸು 101.