ಪ್ರವಾದಿ ಕೈಕೊಟ್ಟ ಮೇಲೂ ಭಕ್ತರು ಯಾಕೆ ಬಿಡಲಿಲ್ಲ?

‘ಸ್ಟಾರ್ ಟ್ರೆಕ್: ವಾಯೇಜರ್’ ಸರಣಿಯಲ್ಲಿ 1996ರ ಒಂದು ಕಂತಿದೆ. ಫೆರೆಂಗಿ ಎಂಬ ದುರಾಸೆಯ ಕುಲದ ಇಬ್ಬರು ದಾರಿ ತಪ್ಪಿ ಒಂದು ಗ್ರಹದಲ್ಲಿ ಇಳಿಯುತ್ತಾರೆ. ಋಷಿಗಳು ಬರ್ತಾರೆ ಅಂತ ಅಲ್ಲಿನ ಜನರ ಹಳೇ ಹಾಡೊಂದು ಮೊದಲೇ ಹೇಳಿರುತ್ತದೆ. ಸರಿ, ಇವರೇ ಆ ಋಷಿಗಳಾಗಿ ಕೂತು ದುಡ್ಡು ಬಾಚುತ್ತಾರೆ. ಕಂತು ಮಜವಾಗಿದೆ. ಆದರೆ ಈ ಅತಿಥಿ ಪಾತ್ರಗಳನ್ನು ಶುದ್ಧ ಕಳ್ಳರನ್ನಾಗಿ ಮಾಡಿ ಬರಹಗಾರರು ತಮ್ಮ ಕೆಲಸ ಹಗುರ ಮಾಡಿಕೊಂಡರು ಅನ್ನೋದು ನನ್ನ ತಕರಾರು. ತನ್ನನ್ನು ತಾನೇ ನಂಬಿದವನು ಅದೇ ಪೀಠದಲ್ಲಿ ಕೂತರೆ? ಅದಕ್ಕೇ ನನಗೆ ಸಬ್ಬತಾಯ್ ಜ್ವಿಯ ಬದುಕು ಹೆಚ್ಚು ಕಾಡುತ್ತದೆ.

1626ರಲ್ಲಿ ಒಟ್ಟೊಮನ್ ಸಾಮ್ರಾಜ್ಯದ ಸ್ಮಿರ್ನಾದಲ್ಲಿ (ಇಂದಿನ ತುರ್ಕಿಯ ಇಜ್ಮಿರ್) ಯೆಹೂದಿ ವ್ಯಾಪಾರಿಯ ಮಗನಾಗಿ ಹುಟ್ಟಿದ. ಚೆನ್ನಾಗಿ ಓದಿಕೊಂಡವನು. ಒಮ್ಮೆ ಆಕಾಶಕ್ಕೇ ಏಣಿ ಹಾಕುವ ಹುಮ್ಮಸ್ಸು, ಇನ್ನೊಮ್ಮೆ ಯಾರ ಮುಖವೂ ಬೇಡವೆನ್ನುವ ಮಂಕು. ಹುಮ್ಮಸ್ಸು ಬಂದಾಗ ಉಚ್ಚರಿಸಬಾರದ ದೇವರ ಹೆಸರನ್ನು ಎಲ್ಲರೆದುರು ಉಚ್ಚರಿಸುತ್ತಿದ್ದ. ಸ್ಮಿರ್ನಾದ ಧರ್ಮಗುರುಗಳು ಊರು ಬಿಡಿಸಿದರು. ಸಲೋನಿಕಾದಲ್ಲಿ ಧರ್ಮಗ್ರಂಥವಾದ ತೋರಾದ ಜೊತೆಗೇ ಮದುವೆಯಾದ; ಅಲ್ಲಿಂದಲೂ ಓಡಿಸಿದರು. ಹೆಚ್ಚಿನವರ ಕಣ್ಣಿಗೆ ಆಗ ಆತ ಹುಚ್ಚನಷ್ಟೇ.

ಮುಂದಿನದು ನನಗೆ ಇಡೀ ಕಥೆಯ ಗಂಟು. 1665ರಲ್ಲಿ ಆತ ಗಾಜಾಕ್ಕೆ ಹೋದದ್ದು ಮನಸ್ಸಿಗೆ ಮದ್ದು ಹುಡುಕಿಕೊಂಡು. ಅಲ್ಲಿ ನಾಥನ್ ಎಂಬ ಇಪ್ಪತ್ತರ ಆಸುಪಾಸಿನ ಪಂಡಿತನಿದ್ದ, ಆತ್ಮದ ಕಾಯಿಲೆ ವಾಸಿ ಮಾಡುವವನೆಂದು ಹೆಸರು. ರೋಗಿಯಾಗಿ ಬಂದವನಿಗೆ ಆ ಹುಡುಗ ಹೇಳಿದ್ದು, ನಿನಗೆ ರೋಗವಿಲ್ಲ, ನೀನೇ ಮೆಸ್ಸೀಯ ಅಂತ. ಪತ್ರಗಳು ಆಮ್‌ಸ್ಟರ್‌ಡ್ಯಾಂ, ಹ್ಯಾಂಬರ್ಗ್‌ವರೆಗೂ ಹೋದವು.

ಜನ ಯಾಕೆ ನಂಬಿದರು? 1648ರಿಂದ ಉಕ್ರೇನ್‌ನಲ್ಲಿ ಕೊಸಾಕ್ ದಂಗೆಕೋರರು ಸಾವಿರಾರು ಯೆಹೂದಿಗಳನ್ನು ಕೊಂದಿದ್ದರು. ಸ್ಪೇನ್, ಪೋರ್ಚುಗಲ್‌ನಿಂದ ಓಡಿಬಂದವರ ಮೊಮ್ಮಕ್ಕಳು ಊರೂರಲ್ಲಿದ್ದರು. ಇಷ್ಟೆಲ್ಲ ನೋವಿಗೆ ಒಂದು ಅರ್ಥ ಬೇಕಿತ್ತು. ಅವರನ್ನು ಪೆದ್ದರು ಅನ್ನೋಕೆ ನನಗಂತೂ ಬಾಯಿ ಬರಲ್ಲ. ಗ್ಲೂಕೆಲ್ ಎಂಬ ಯೆಹೂದಿ ಹೆಂಗಸು ತನ್ನ ಆತ್ಮಕಥೆಯಲ್ಲಿ ಮಾವನ ಸಂಗತಿ ಬರೆದಿದ್ದಾಳೆ. ಆತ ಮನೆ ಬಿಟ್ಟು, ಎರಡು ದೊಡ್ಡ ಪೀಪಾಯಿಗಳಲ್ಲಿ ಬಟ್ಟೆ, ಬಟಾಣಿ, ಒಣಮಾಂಸ ತುಂಬಿ ಹ್ಯಾಂಬರ್ಗ್‌ಗೆ ಕಳಿಸಿದ. ಕರೆ ಬಂದ ಕೂಡಲೇ ಪವಿತ್ರ ಭೂಮಿಗೆ ಹಡಗು ಹತ್ತಬೇಕಲ್ಲ!

ಆ ಡಿಸೆಂಬರ್‌ನಲ್ಲಿ ಸಬ್ಬತಾಯ್ ಸ್ಮಿರ್ನಾದ ಸಿನಗಾಗ್ ಬಾಗಿಲಿಗೆ ಕೊಡಲಿ ಹಾಕಿ ಒಳನುಗ್ಗಿದ. ಹಿಂಬಾಲಕರಿಗೆ ಲೋಕದ ರಾಜ್ಯಗಳನ್ನೇ ಹಂಚಿಕೊಟ್ಟ. ಒಪ್ಪದವರಿಗೆ ಬೆದರಿಕೆ, ಬಾಯಿಮುಚ್ಚಿಸುವಿಕೆ. 1666ರಲ್ಲಿ ಬಂಧನವಾಯಿತು. ಗ್ಯಾಲಿಪೊಲಿ ಬಳಿಯ ಕೋಟೆಯ ಸೆರೆಮನೆಯೇ ದರ್ಬಾರಾಯಿತು, ಕಾವಲುಗಾರರು ಭಕ್ತರಿಂದ ಕಾಸು ಮಾಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಎದಿರ್ನೆಯ ಅರಮನೆಗೆ ಕರೆಸಿ ಸಾವು ಅಥವಾ ಇಸ್ಲಾಂ ಎಂಬ ಆಯ್ಕೆ ಇಟ್ಟರು. ಸಬ್ಬತಾಯ್ ಮುಂಡಾಸು ತೊಟ್ಟ, ಅಜೀಜ್ ಮೆಹ್ಮದ್ ಎಫೆಂದಿಯಾದ, ಅರಮನೆಯ ದ್ವಾರಪಾಲಕನ ಗೌರವ ಹುದ್ದೆಯೂ ಪಿಂಚಣಿಯೂ ಸಿಕ್ಕಿತು.

ಹೆಚ್ಚಿನವರು ನಾಚಿ ಸುಮ್ಮನಾದರು. ಆದರೆ ಪೀಪಾಯಿಗಳು ಹ್ಯಾಂಬರ್ಗ್‌ನಲ್ಲಿ ವರ್ಷಗಟ್ಟಲೆ ಹಾಗೇ ಇದ್ದವು. ನಾಥನ್ ಅಂತೂ ಸೋಲೊಪ್ಪಲೇ ಇಲ್ಲ: ಕತ್ತಲಲ್ಲಿ ಸಿಕ್ಕಿಬಿದ್ದ ಬೆಳಕಿನ ಕಿಡಿಗಳನ್ನು ಬಿಡಿಸೋಕೆ ಮೆಸ್ಸೀಯ ಕತ್ತಲೊಳಗೇ ಇಳಿದಿದ್ದಾನೆ ಎಂದು ಸಿದ್ಧಾಂತ ಕಟ್ಟಿದ. ನಂಬಿಕೆದ್ರೋಹವನ್ನೇ ಮಾಸ್ಟರ್‌ಸ್ಟ್ರೋಕ್ ಮಾಡುವ ಈ ಕಲೆ ನಮ್ಮ ಕಾಲದ ಐಟಿ ಸೆಲ್‌ಗಳಿಗಿಂತ ಎಷ್ಟು ಹಳೆಯದು ನೋಡಿ. ಆದರೆ ನಾಥನ್ ಮಾತ್ರ ಯೆಹೂದಿಯಾಗಿಯೇ ಉಳಿದ.

ಸಬ್ಬತಾಯ್ 1676ರಲ್ಲಿ ಗಡೀಪಾರಾದ ಊರಲ್ಲಿ ಸತ್ತ. ಏಳು ವರ್ಷದ ಮೇಲೆ ಸಲೋನಿಕಾದ ಸುಮಾರು 300 ಕುಟುಂಬಗಳು ಅವನ ಹಾದಿಯಲ್ಲೇ ಮತಾಂತರಗೊಂಡವು: ಹೊರಗೆ ಮುಸ್ಲಿಮರು, ಒಳಗೆ ಅವನ ಭಕ್ತರು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ, ಅವರ ವಂಶಜರನ್ನು ಮುಸ್ಲಿಮರೆಂದೇ ಲೆಕ್ಕ ಹಿಡಿದು ತುರ್ಕಿಗೆ ಸಾಗಿಸಲಾಯಿತು.