ಹುವಾನ್ ಪೆರೋನ್: ಜನಾನುರಾಗ ಮತ್ತು ಪ್ರಭುತ್ವ

ಜನರ ಬೆಂಬಲವಿಲ್ಲದವನು ಮಾತ್ರ ಪ್ರಜಾಪ್ರಭುತ್ವವನ್ನು ದುರ್ಬಲಗೊಳಿಸುತ್ತಾನೆ ಎಂಬ ತಿಳುವಳಿಕೆ ಸಾಮಾನ್ಯವಾದುದು. ಅರ್ಜೆಂಟೀನಾದ ಹುವಾನ್ ದೊಮಿಂಗೊ ಪೆರೋನ್‌ನ ಬದುಕು ಈ ತಿಳುವಳಿಕೆಗೆ ಒಗ್ಗುವುದಿಲ್ಲ. 1946, 1951 ಮತ್ತು 1973ರಲ್ಲಿ ಆತ ನಿಚ್ಚಳ ಬಹುಮತದಿಂದಲೇ ಅಧ್ಯಕ್ಷನಾಗಿ ಆಯ್ಕೆಯಾದ.

ಅಧಿಕೃತ ದಾಖಲೆಗಳ ಪ್ರಕಾರ ಪೆರೋನ್ ಜನಿಸಿದ್ದು 1895ರಲ್ಲಿ, ಬ್ಯೂನಸ್ ಐರಿಸ್ ಪ್ರಾಂತದ ಲೋಬೋಸ್‌ನಲ್ಲಿ. 1911ರಲ್ಲಿ ಸೈನಿಕ ಶಾಲೆ ಸೇರಿದ. ಗೋಧಿ ಮತ್ತು ಮಾಂಸದ ರಫ್ತಿನಿಂದ ಅರ್ಜೆಂಟೀನಾ ಆಗ ಜಗತ್ತಿನ ಸಿರಿವಂತ ದೇಶಗಳ ಸಾಲಿನಲ್ಲಿತ್ತು. ಜಾಗತಿಕ ಆರ್ಥಿಕ ಕುಸಿತದ ಬೆನ್ನಲ್ಲೇ, 1930ರಲ್ಲಿ, ಸೈನ್ಯವು ಚುನಾಯಿತ ಅಧ್ಯಕ್ಷ ಇರಿಗೊಯೆನ್‌ನನ್ನು ಪದಚ್ಯುತಗೊಳಿಸಿತು. ಅದರಲ್ಲಿ ತರುಣ ಕ್ಯಾಪ್ಟನ್ ಪೆರೋನ್‌ನೂ ಭಾಗಿಯಾಗಿದ್ದ. ಮುಂದಿನ ದಶಕದುದ್ದಕ್ಕೂ ಭೂಮಾಲೀಕ ವರ್ಗದ ಹಿತ ಕಾಯುವ ಸರ್ಕಾರಗಳು ಮತಪೆಟ್ಟಿಗೆಯ ವಂಚನೆಯಿಂದ ಬಾಳಿದವು. ಪ್ರಜಾಪ್ರಭುತ್ವದ ಸವಕಳಿ ಪೆರೋನ್‌ನಿಂದಲೇ ಆರಂಭವಾಯಿತೆನ್ನುವುದು ಹಾಗಾಗಿ ಚರಿತ್ರೆಗೆ ಬಗೆಯುವ ಅನ್ಯಾಯ.

1943ರ ಸೈನಿಕ ಕ್ಷಿಪ್ರಕ್ರಾಂತಿಯ ಅನಂತರ ಕರ್ನಲ್ ಪೆರೋನ್ ಆರಿಸಿಕೊಂಡದ್ದು ಯಾರೂ ಬಯಸದಿದ್ದ ಕಾರ್ಮಿಕ ಇಲಾಖೆಯನ್ನು. ಆತನ ರಾಜಕೀಯ ಪ್ರತಿಭೆಯೆಲ್ಲ ಈ ಆಯ್ಕೆಯಲ್ಲಿಯೇ ಅಡಗಿದೆ. ಸಮಾಜವಾದಿಗಳು ವರ್ಷಗಟ್ಟಲೆ ಸಂಸತ್ತಿನಲ್ಲಿ ಮಂಡಿಸಿ ಸೋತಿದ್ದ ಬೇಡಿಕೆಗಳನ್ನು ಆತ ಆಜ್ಞೆಗಳ ಮೂಲಕ ಜಾರಿಗೊಳಿಸಿದ. ವೇತನ ಸಹಿತ ರಜೆ, ಪಿಂಚಣಿ, ಕಾರ್ಮಿಕ ನ್ಯಾಯಾಲಯಗಳು ಬಂದವು. 1944ರಲ್ಲಿ ಕೃಷಿಕೂಲಿಗಳಿಗೂ ಕಾನೂನಿನ ರಕ್ಷಣೆ ದೊರೆಯಿತು. ಆದರೆ ಯಾವ ಸಂಘಕ್ಕೆ ಮಾನ್ಯತೆ ನೀಡಬೇಕೆಂಬ ನಿರ್ಧಾರ ಸರ್ಕಾರದ ಕೈಯಲ್ಲಿ ಉಳಿಯಿತು. ಕಾರ್ಮಿಕನಿಗೆ ಹಕ್ಕು ದಕ್ಕಿತು, ಅದು ದಾನಿಯ ಹೆಸರಿನೊಂದಿಗೇ ದಕ್ಕಿತು. 1945ರ ಅಕ್ಟೋಬರ್‌ನಲ್ಲಿ ಸಹೋದ್ಯೋಗಿ ಸೇನಾಧಿಕಾರಿಗಳು ಆತನನ್ನು ಬಂಧಿಸಿದಾಗ, 17ರಂದು ರಾಜಧಾನಿಯ ಅಂಚಿನ ಕಾರ್ಖಾನೆ ಪ್ರದೇಶಗಳಿಂದ ಹೊರಟ ಜನಸ್ತೋಮ ಪ್ಲಾಸಾ ದೆ ಮಾಯೊ ಚೌಕವನ್ನು ತುಂಬಿತು. ಅಂದೇ ರಾತ್ರಿ ಪೆರೋನ್ ಬಿಡುಗಡೆಗೊಂಡ.

ಚುನಾವಣೆಯಲ್ಲಿ ಆತನನ್ನು ಗೆಲ್ಲಿಸಲು ಕಾರ್ಮಿಕ ಸಂಘಗಳು ಲೇಬರ್ ಪಕ್ಷವನ್ನು ಕಟ್ಟಿದ್ದವು. ಗೆದ್ದ ಕೆಲವೇ ತಿಂಗಳಲ್ಲಿ ಪೆರೋನ್ ಅದನ್ನು ವಿಸರ್ಜಿಸಲು ಆಜ್ಞಾಪಿಸಿದ. ಪ್ರತಿಭಟಿಸಿದ ನಾಯಕ ಸಿಪ್ರಿಯಾನೊ ರೆಯೆಸ್ 1948ರಿಂದ 1955ರವರೆಗೆ ಸೆರೆಮನೆಯಲ್ಲಿದ್ದ. ವಿರೋಧಿಗಳಿಗಿಂತ ಮೊದಲು ಸ್ವಾಯತ್ತ ಬೆಂಬಲಿಗರನ್ನೇ ಮುಗಿಸಿದ ಈ ಪ್ರಕರಣಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಯುದ್ಧಕಾಲದಲ್ಲಿ ಸಂಗ್ರಹವಾಗಿದ್ದ ವಿದೇಶಿ ವಿನಿಮಯ ಮೊದಲ ವರ್ಷಗಳ ಔದಾರ್ಯಕ್ಕೆ ಆಧಾರವಾಯಿತು. ಸರ್ಕಾರಿ ವ್ಯಾಪಾರ ಸಂಸ್ಥೆಯೊಂದು ರೈತರಿಂದ ಧಾನ್ಯವನ್ನು ಅಗ್ಗವಾಗಿ ಕೊಂಡು ಹೊರದೇಶಗಳಿಗೆ ಹೆಚ್ಚಿನ ಬೆಲೆಗೆ ಮಾರುತ್ತಿತ್ತು. ಲಾಭ ಕೈಗಾರಿಕೆಗಳಿಗೆ ಹರಿಯುತ್ತಿತ್ತು. 1948ರಲ್ಲಿ ಬ್ರಿಟಿಷರ ರೈಲುಮಾರ್ಗಗಳು ರಾಷ್ಟ್ರದ ಸ್ವತ್ತಾದವು. ನೈಜ ವೇತನ ತೀವ್ರವಾಗಿ ಏರಿತು. ಇದನ್ನು ಕೇವಲ ಮರುಳುಮಾತೆಂದು ತಳ್ಳಿಹಾಕುವಂತಿಲ್ಲ. ಆದರೆ ಬೆಲೆ ದೊರೆಯದ ರೈತ ಬಿತ್ತನೆಯನ್ನು ಕಡಿಮೆ ಮಾಡಿದ. ಅಂತರರಾಷ್ಟ್ರೀಯ ಬೆಲೆಗಳು ಇಳಿದವು, ಬರವೂ ಬಂದಿತು. ಯಂತ್ರ ಮತ್ತು ಇಂಧನದ ಆಮದಿಗೆ ಹಣವಿಲ್ಲದೆ ಕಾರ್ಖಾನೆಗಳು ಸೊರಗಿದವು. ಗೋಧಿಯ ನಾಡಿನಲ್ಲಿ 1952ರಲ್ಲಿ ಜನ ಸಿರಿಧಾನ್ಯ ಬೆರೆಸಿದ ಕಪ್ಪು ರೊಟ್ಟಿ ತಿನ್ನಬೇಕಾಯಿತು. ಅದೇ ವರ್ಷ ವೇತನಗಳನ್ನು ಎರಡು ವರ್ಷಗಳ ಮಟ್ಟಿಗೆ ಸ್ಥಗಿತಗೊಳಿಸಲಾಯಿತು. ತೈಲವನ್ನು ರಾಷ್ಟ್ರದ ಪರಭಾರೆಯಾಗದ ಆಸ್ತಿಯೆಂದು ತನ್ನದೇ ಸಂವಿಧಾನದಲ್ಲಿ ಬರೆಸಿದ್ದ ಪೆರೋನ್ 1955ರಲ್ಲಿ ಅಮೆರಿಕದ ತೈಲ ಕಂಪನಿಯೊಂದಿಗೆ ಒಪ್ಪಂದಕ್ಕೆ ಮುಂದಾದ.

ಹಂಚಲು ಸಂಪತ್ತು ಕಡಿಮೆಯಾದಂತೆ ಭಿನ್ನಮತಕ್ಕೆ ಅವಕಾಶವೂ ಕುಗ್ಗಿತು. ಅದಕ್ಕೆ ಬೇಕಾದ ಸಾಧನಗಳು ಸಮೃದ್ಧಿಯ ಕಾಲದಲ್ಲಿಯೇ ಸಿದ್ಧವಾಗಿದ್ದವು. 1947ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ಮಹಾಭಿಯೋಗದಿಂದ ತೆಗೆಯಲಾಗಿತ್ತು. 1949ರ ಸಂವಿಧಾನ ಅಧ್ಯಕ್ಷನ ನಿರಂತರ ಮರುಆಯ್ಕೆಗೆ ದಾರಿ ಮಾಡಿತು. 1951ರಲ್ಲಿ ಲಾ ಪ್ರೆನ್ಸಾ ಪತ್ರಿಕೆಯನ್ನು ಕಸಿದು ಅಧಿಕೃತ ಕಾರ್ಮಿಕ ಒಕ್ಕೂಟಕ್ಕೆ ಒಪ್ಪಿಸಲಾಯಿತು. ಲೇಖಕ ಬೋರ್ಹೆಸ್ 1946ರಲ್ಲೇ ಗ್ರಂಥಾಲಯದ ಕೆಲಸ ಕಳೆದುಕೊಂಡಿದ್ದ. 1924ರಲ್ಲಿ ರವೀಂದ್ರನಾಥ ಠಾಕೂರರಿಗೆ ಆತಿಥ್ಯ ನೀಡಿದ್ದ ವಿಕ್ಟೋರಿಯಾ ಒಕಾಂಪೊ 1953ರಲ್ಲಿ ಸೆರೆಮನೆ ಕಂಡಳು. ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದೂ ಇದೇ ಆಳ್ವಿಕೆಯಲ್ಲಿ, 1947ರಲ್ಲಿ, ಎಂಬುದನ್ನು ಮರೆಯುವಂತಿಲ್ಲ. ಅದರ ಹಿಂದಿದ್ದ ಪತ್ನಿ ಎವಾ 1952ರಲ್ಲಿ ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು.

1955ರ ಜೂನ್‌ನಲ್ಲಿ ನೌಕಾಪಡೆಯ ವಿಮಾನಗಳು ಪ್ಲಾಸಾ ದೆ ಮಾಯೊದ ಮೇಲೆ ಬಾಂಬು ಸುರಿದು 300ಕ್ಕೂ ಹೆಚ್ಚು ಜನರನ್ನು ಕೊಂದವು. ಅದೇ ವರ್ಷ ಪೆರೋನ್ ದೇಶ ತೊರೆದ. ಪ್ರಜಾಪ್ರಭುತ್ವದ ಹೆಸರಿನಲ್ಲಿ ಬಂದವರು 1956ರಲ್ಲಿ ಆತನ ಹೆಸರನ್ನು ಉಚ್ಚರಿಸುವುದನ್ನೇ ಅಪರಾಧವೆಂದು ಸಾರಿದರು. ದೇಶದ ಬಹುದೊಡ್ಡ ಪಕ್ಷವನ್ನು ಹೊರಗಿಟ್ಟು ನಡೆದ ಚುನಾವಣೆಗಳಿಂದ ಬಂದ ಫ್ರೊಂದಿಸಿ ಮತ್ತು ಇಲ್ಯಾ ಸರ್ಕಾರಗಳನ್ನು ಸೈನ್ಯವೇ 1962 ಮತ್ತು 1966ರಲ್ಲಿ ಕೆಡವಿತು.

1973ರ ಜೂನ್ 20ರಂದು ಪೆರೋನ್ ಶಾಶ್ವತವಾಗಿ ಮರಳಿದಾಗ, ಎಸೈಸಾ ವಿಮಾನ ನಿಲ್ದಾಣದ ಬಳಿ ಆತನ ಎಡ ಮತ್ತು ಬಲ ಅನುಯಾಯಿಗಳ ನಡುವೆ ಗುಂಡು ಹಾರಿತು. ಪ್ರತಿಯೊಬ್ಬರೂ ತಮ್ಮದೇ ಪೆರೋನ್‌ನನ್ನು ಕಲ್ಪಿಸಿಕೊಂಡಿದ್ದರು. ಆತ ಮೂರನೆಯ ಪತ್ನಿ ಇಸಾಬೆಲ್‌ಳನ್ನು ಉಪಾಧ್ಯಕ್ಷೆಯಾಗಿಸಿಕೊಂಡು ಗೆದ್ದು, 1974ರ ಜುಲೈ 1ರಂದು ನಿಧನನಾದ. ಅಧಿಕಾರ ಆಕೆಯ ಕೈಸೇರಿತು. 1975ರಲ್ಲಿ ಹಣದುಬ್ಬರ ಮೂರಂಕಿಗೆ ಏರಿತು. 1976ರ ಮಾರ್ಚ್ 24ರಂದು ಸೈನ್ಯ ಆಕೆಯನ್ನು ಬಂಧಿಸಿ, ಸಂಸತ್ತನ್ನು ಮುಚ್ಚಿತು.