ಇಂದೋರಿನ ಬೆಳಕಿನ ಉಂಗುರವೂ ನಮ್ಮ ರಾಜಾ ರಾಮಣ್ಣನವರೂ

ಪುಣೆಯ ಮಾರ್ಕೆಟ್ ಯಾರ್ಡಿಗೆ ಬೆಳಗಿನ ಜಾವ ತರಕಾರಿ ಕೊಳ್ಳಹೋಗುವ ನಮ್ಮ ಹೋಟೆಲ್ ಬಂಧುಗಳು ಮೂಟೆ ಹೇರಿದ ಕೈಗಾಡಿಗಳನ್ನು ನಿತ್ಯವೂ ಕಾಣುತ್ತಾರೆ. ಗಾಡಿ ತುಸು ಓಲಾಡಿದರೆ ಹಮಾಲನು ಸಾವರಿಸಿಕೊಳ್ಳುತ್ತಾನೆ. ಓಲಾಟವು ಒಂದು ಮೇರೆಯನ್ನು ಮೀರಿತೆಂದರೆ, ಹಾದಿಯಲ್ಲಿ ಎಷ್ಟೇ ಜಾಗವಿರಲಿ, ಮೂಟೆಗಳು ನೆಲದ ಪಾಲು. ಇಂದೋರಿನ ಒಂದು ಮಹಾಯಂತ್ರಕ್ಕೂ ಇಂಥದೇ ಮೇರೆಯುಂಟು. ಆ ಯಂತ್ರವಿರುವ ಕೇಂದ್ರವು ಕನ್ನಡಿಗರೊಬ್ಬರ ಹೆಸರನ್ನು ಹೊತ್ತಿದೆ. ಅವರೇ ಡಾ. ರಾಜಾ ರಾಮಣ್ಣನವರು.

1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಮಣ್ಣನವರು ಬೆಂಗಳೂರಿನಲ್ಲಿಯೂ ಮದರಾಸಿನ ಬಳಿಯ ತಾಂಬರಂನಲ್ಲಿಯೂ ವ್ಯಾಸಂಗ ಮಾಡಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಮುಂಬಯಿಯಲ್ಲಿ ಹೋಮಿ ಭಾಭಾ ಅವರ ಬಳಗವನ್ನು ಸೇರಿದರು. ಪಿಯಾನೋ ವಾದನದಲ್ಲಿಯೂ ಅವರಿಗೆ ಒಳ್ಳೆಯ ಪರಿಶ್ರಮವಿತ್ತು. 1974ರ ಮೇ 18ರ ಪೋಖ್ರಾನ್ ಅಣುಸ್ಫೋಟದ ಮುಂದಾಳು ಅವರೇ ಆದುದರಿಂದ ಲೋಕವು ಅವರನ್ನು ಆ ಒಂದು ದಿನದಿಂದಲೇ ಗುರುತಿಸುತ್ತದೆ. ಕಣಗಳಿಗೆ ವೇಗವೀಯುವ ಯಂತ್ರಗಳು ನಮ್ಮ ದೇಶದಲ್ಲಿಯೇ ನಿರ್ಮಾಣವಾಗಲೆಂದು ಅವರು ಪಟ್ಟ ಶ್ರಮ ಅಷ್ಟು ಪ್ರಸಿದ್ಧವಲ್ಲ. ಕಲ್ಕತ್ತೆಯ ಸೈಕ್ಲೋಟ್ರಾನ್ 1977ರಲ್ಲಿ ನಡೆಯತೊಡಗಿತು. ರಾಮಣ್ಣನವರು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರಲ್ಲಿ, ಇಂದೋರಿನ ಕೇಂದ್ರಕ್ಕೆ ಅಸ್ತಿಭಾರ ಬಿದ್ದಿತು.

ಅಲ್ಲಿನ ಇಂಡಸ್-2 ಸುಮಾರು 172 ಮೀಟರ್ ಸುತ್ತಳತೆಯ ಉಂಗುರ. ಗಾಳಿ ತೆಗೆದ ಕೊಳವೆಯಲ್ಲಿ ಇಲೆಕ್ಟ್ರಾನುಗಳು ಸೆಕೆಂಡಿಗೆ 17 ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತ, ಬಾಗುವೆಡೆಯಲ್ಲಿ ಎಕ್ಸ್-ಕಿರಣವೇ ಮೊದಲಾದ ಬೆಳಕನ್ನು ಸೂಸುತ್ತವೆ. ನಾಲ್ಕು ಧ್ರುವಗಳ ಅಯಸ್ಕಾಂತಗಳು ಅವುಗಳನ್ನು ಮಸೂರದಂತೆ ಒಟ್ಟುಗೂಡಿಸುತ್ತವೆ. ಶಕ್ತಿಯಲ್ಲಿ ಹೆಚ್ಚುಕಡಿಮೆಯಿರುವ ಕಣಗಳು ಒಂದೇ ಬಗೆಯಲ್ಲಿ ಕೂಡಲಾರವಾದುದರಿಂದ, ಆ ದೋಷ ತಿದ್ದಲು ಆರು ಧ್ರುವಗಳ ಅಯಸ್ಕಾಂತಗಳು ಬೇಕು. ಆದರೆ ಮದ್ದೇ ಮತ್ತೊಂದು ರೋಗವನ್ನು ತರುತ್ತದೆ. ನಡುಹಾದಿಯಿಂದ ಎರಡು ಪಟ್ಟು ದೂರ ಸರಿದ ಕಣಕ್ಕೆ ಅವುಗಳ ನೂಕು ನಾಲ್ಕು ಪಟ್ಟು. ಮೇರೆ ಮೀರಿದ ಕಣವು, ಕೊಳವೆಯಲ್ಲಿ ಜಾಗವಿದ್ದರೂ, ಓಲಾಟ ಹೆಚ್ಚಿ ಗೋಡೆಗೆ ಬಡಿದು ನಷ್ಟವಾಗುತ್ತದೆ. ಈ ಮೇರೆಗೆ ವಿಜ್ಞಾನಿಗಳು ಡೈನಮಿಕ್ ಅಪರ್ಚರ್ ಎನ್ನುತ್ತಾರೆ. ಹೊಸದಾಗಿ ಒಳಬರುವ ಕಣಗಳು ಮೊದಮೊದಲು ಹೆಚ್ಚು ಓಲಾಡುವುದರಿಂದ, ಅದು ತೀರ ಕಿರಿದಾದರೆ ಉಂಗುರವನ್ನು ತುಂಬುವುದೇ ಕಷ್ಟ. ಆದುದರಿಂದ ಒಂದು ಅಯಸ್ಕಾಂತದ ನೂಕನ್ನು ಇನ್ನೊಂದು ಸರಿದೂಗಿಸುವಂತೆ ಬಲಗಳನ್ನು ಆಯ್ದು, ಕಣಗಳ ಸಾವಿರಾರು ಸುತ್ತುಗಳನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಆ ಮೇರೆಯನ್ನು ಹಿಗ್ಗಿಸುತ್ತಾರೆ.

ಈ ಲೆಕ್ಕವೆಲ್ಲ ಮುಂದಿನ ತಲೆಮಾರಿನವರ ಕೆಲಸ. ಅವರಿಗೆ ಎಡೆ ಮಾಡಿಕೊಟ್ಟುದು ರಾಮಣ್ಣನವರ ಹಿರಿಮೆ. ಚಿಕ್ಕ ಉಂಗುರವಾದ ಇಂಡಸ್-1 1999ರಲ್ಲಿ ಬೆಳಗಿತು. 2004ರ ಸೆಪ್ಟೆಂಬರ್ 24ರಂದು ರಾಮಣ್ಣನವರು ಮುಂಬಯಿಯಲ್ಲಿ ನಿಧನರಾದರು. ಇಂಡಸ್-2 ಬೆಳಕು ಬೀರಿದ್ದು 2005ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ. ಆ ವರ್ಷವೇ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಇಂದು ಆ ಬೆಳಕಿನಲ್ಲಿ ತಮ್ಮ ಪ್ರಯೋಗಗಳನ್ನು ನಡೆಸುತ್ತಿದ್ದಾರೆ. ಊರು ಬಿಟ್ಟು ಬಂದು ದುಡಿಯುವ ನಾವು ರಾಮಣ್ಣನವರನ್ನು ನೆನೆಯುವಾಗ ಪೋಖ್ರಾನಿನೊಡನೆ ಇಂದೋರನ್ನೂ ನೆನೆಯೋಣ. ನಮ್ಮ ಮಕ್ಕಳೂ ಆ ವಿದ್ಯಾರ್ಥಿಗಳ ಸಾಲಿನಲ್ಲಿ ಸೇರಲೆಂಬುದು ನಮ್ಮ ಹಾರೈಕೆ.